ಇಂಗ್ಲಿಷ್ ನಾಮಪದಪುಂಜದಲ್ಲಿ ನಿರ್ಧಾರಕ ಮತ್ತು ಸಂಖ್ಯಾಪದಗಳ ಕ್ರಮ

ಇಂಗ್ಲಿಷ್ ಭಾಷೆಯಲ್ಲಿ ಒಂದು ನಾಮಪದದ ಹಿಂದೆ ಬರುವ ನಿರ್ಧಾರಕಗಳು (ಯಾವುದು, ಯಾರದು, ಎಷ್ಟು ಎಂಬುದನ್ನು ಗೊತ್ತುಪಡಿಸುವ ಪದಗಳು) ಮತ್ತು ಸಂಖ್ಯಾಪದಗಳು ನಿಶ್ಚಿತವಾದ ಅನುಕ್ರಮವೊಂದನ್ನು ಪಾಲಿಸುತ್ತವೆ. 'ದೀಸ್ ಟು ನ್ಯೂ ಬುಕ್ಸ್' ಎನ್ನಬಹುದೇ ಹೊರತು 'ಟು ದೀಸ್ ನ್ಯೂ ಬುಕ್ಸ್' ಎನ್ನಲಾಗದು. ಕನ್ನಡದ 'ಈ ಎರಡು ಹೊಸ ಪುಸ್ತಕಗಳು' ಎಂಬ ಪುಂಜವೂ ಇದೇ ಕ್ರಮದಲ್ಲಿದೆ. ಆದುದರಿಂದ ಕನ್ನಡಿಗರಿಗೆ ಇಂಗ್ಲಿಷಿನ ಈ ಭಾಗ ಸುಲಭವೆಂದು ತೋರುತ್ತದೆ. ಕ್ರಮ ಒಂದೇ ಆಗಿದ್ದರೂ ಅದರ ಹಿಂದಿನ ನಿಯಮ ಬೇರೆಯಾಗಿದೆ, ಮತ್ತು ಆ ವ್ಯತ್ಯಾಸವು ಕೆಲವೆಡೆ ಅರ್ಥವನ್ನೇ ಬದಲಿಸುತ್ತದೆ.

ಈ ಲೇಖನವು ಇಂಗ್ಲಿಷಿನ ಕ್ರಮವನ್ನು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಭಾಷಾಪರಿಸರದ ಹಿನ್ನೆಲೆಯಲ್ಲಿ ವಿವರಿಸುತ್ತದೆ. ಮಹಾರಾಷ್ಟ್ರದ ಕೊಲ್ಲಾಪುರ ಮತ್ತು ಸಾಂಗ್ಲಿ ಜಿಲ್ಲೆಗಳಿಗೆ ತಾಗಿಕೊಂಡಿರುವ ಈ ಭಾಗದಲ್ಲಿ ಕನ್ನಡ, ಮರಾಠಿ ಮತ್ತು ದಖನಿ ಉರ್ದು ಒಂದೇ ಊರಿನಲ್ಲಿ, ಹಲವು ಸಲ ಒಂದೇ ಮನೆಯಲ್ಲಿ ಬಳಕೆಯಲ್ಲಿವೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲಾಗುತ್ತಿದೆ. ಹೀಗಾಗಿ ಇಲ್ಲಿನ ವಿದ್ಯಾರ್ಥಿಗೆ ಇಂಗ್ಲಿಷ್ ಎರಡನೆಯ ಭಾಷೆಯಾಗಿರುವುದಕ್ಕಿಂತ ಮೂರನೆಯದೋ ನಾಲ್ಕನೆಯದೋ ಆಗಿರುವುದೇ ಹೆಚ್ಚು.

ಇಂಗ್ಲಿಷಿನ ಅನುಕ್ರಮ

ರಾಂಡಾಲ್ಫ್ ಕ್ವರ್ಕ್, ಸಿಡ್ನಿ ಗ್ರೀನ್‌ಬಾಮ್, ಜೆಫ್ರಿ ಲೀಚ್ ಮತ್ತು ಯಾನ್ ಸ್ವಾರ್ತ್‌ವಿಕ್ 1985ರಲ್ಲಿ ಪ್ರಕಟಿಸಿದ ಬೃಹತ್ ಇಂಗ್ಲಿಷ್ ವ್ಯಾಕರಣವು ನಿರ್ಧಾರಕಗಳನ್ನು ಅವು ನಿಲ್ಲುವ ಸ್ಥಾನಕ್ಕನುಗುಣವಾಗಿ ಮೂರು ಗುಂಪು ಮಾಡುತ್ತದೆ. ಇವನ್ನು ಕನ್ನಡದಲ್ಲಿ ಪೂರ್ವ, ಮಧ್ಯ ಮತ್ತು ಉತ್ತರ ನಿರ್ಧಾರಕಗಳೆನ್ನಬಹುದು.

ಎಲ್ಲಕ್ಕಿಂತ ಮುಂದೆ ಬರುವ ಪೂರ್ವನಿರ್ಧಾರಕಗಳಲ್ಲಿ 'ಆಲ್', 'ಬೋತ್', 'ಹಾಫ್' ಹಾಗೂ 'ಟ್ವೈಸ್', 'ಡಬಲ್' ಮೊದಲಾದ ಮಡಿವಾಚಕಗಳು ಸೇರುತ್ತವೆ. ಮಧ್ಯದ ಸ್ಥಾನದಲ್ಲಿ 'ಎ', 'ಆನ್', 'ದಿ' ಎಂಬ ಆರ್ಟಿಕಲ್‌ಗಳು, 'ದಿಸ್', 'ದೋಸ್' ಮುಂತಾದ ನಿರ್ದೇಶಕಗಳು, 'ಮೈ', 'ಹರ್', 'ದೇರ್' ಮುಂತಾದ ಸಂಬಂಧಸೂಚಕಗಳು ಮತ್ತು 'ಎವ್ರಿ', 'ಸಮ್', 'ನೋ' ಮುಂತಾದವು ಬರುತ್ತವೆ. ಮೂರನೆಯ ಗುಂಪಿನಲ್ಲಿ ಸಂಖ್ಯೆಗಳು ಮತ್ತು 'ಮೆನಿ', 'ಫ್ಯೂ', 'ಅದರ್' ಮೊದಲಾದವುಗಳಿವೆ. ಇವುಗಳೊಳಗೆ 'ಫಸ್ಟ್', 'ಸೆಕೆಂಡ್', 'ಲಾಸ್ಟ್', 'ನೆಕ್ಸ್ಟ್' ಎಂಬ ಕ್ರಮವಾಚಿಗಳು ಸಾಮಾನ್ಯವಾಗಿ ಎಣಿಕೆಯ ಸಂಖ್ಯೆಗಿಂತ ಮುಂದಿರುತ್ತವೆ. ಇವೆಲ್ಲವುಗಳ ನಂತರ ಗುಣವಾಚಕ, ಕೊನೆಯಲ್ಲಿ ನಾಮಪದ. 'ಆಲ್ ದೋಸ್ ಟೆನ್ ಬಿಗ್ ಸ್ಯಾಕ್ಸ್' (ಆ ಹತ್ತೂ ದೊಡ್ಡ ಚೀಲಗಳು) ಎಂಬಲ್ಲಿ ಮೂರು ಗುಂಪುಗಳೂ ಒಂದರ ಹಿಂದೊಂದು ಕಾಣಿಸುತ್ತವೆ. 'ಮೈ ಫಸ್ಟ್ ತ್ರೀ ಲೆಸನ್ಸ್' (ನನ್ನ ಮೊದಲ ಮೂರು ಪಾಠಗಳು) ಎಂಬಲ್ಲಿ ಪೂರ್ವನಿರ್ಧಾರಕವಿಲ್ಲ, ಕ್ರಮವಾಚಿ ಇದೆ.

ಮಧ್ಯದ ಸ್ಥಾನವು ಒಬ್ಬರೇ ಕೂರಬಹುದಾದ ಪೀಠವಿದ್ದಂತೆ. ಆರ್ಟಿಕಲ್ ಬಂದರೆ ನಿರ್ದೇಶಕಕ್ಕೆ ಎಡೆಯಿಲ್ಲ, ನಿರ್ದೇಶಕ ಬಂದರೆ ಸಂಬಂಧಸೂಚಕಕ್ಕೆ ಎಡೆಯಿಲ್ಲ. ಇಂಗ್ಲಿಷ್ ನಾಮಪದಪುಂಜದ ಬಹುಪಾಲು ವಿಶೇಷಗಳು ಈ ಒಂದೇ ನಿರ್ಬಂಧದಿಂದ ಹುಟ್ಟುತ್ತವೆ. ಶಾಲೆಯ ವ್ಯಾಕರಣಗಳಲ್ಲಿ ಆರ್ಟಿಕಲ್‌ಗಳಿಗೆ ಸಿಗುವ ಜಾಗದ ಅರ್ಧದಷ್ಟಾದರೂ ಈ ನಿರ್ಬಂಧಕ್ಕೆ ಸಿಕ್ಕಿದ್ದರೆ ಕಲಿಯುವವರ ಶ್ರಮ ಕಡಿಮೆಯಾಗುತ್ತಿತ್ತು.

ಕನ್ನಡ ಮತ್ತು ಮರಾಠಿಯೊಡನೆ ಸಾಮ್ಯ

ಜೋಸೆಫ್ ಗ್ರೀನ್‌ಬರ್ಗ್ 1963ರಲ್ಲಿ ಮೂವತ್ತು ಭಾಷೆಗಳನ್ನು ಹೋಲಿಸಿ ಮಂಡಿಸಿದ ಸಾರ್ವತ್ರಿಕ ಲಕ್ಷಣಗಳಲ್ಲಿ ಇಪ್ಪತ್ತನೆಯದು ಈ ವಿಷಯಕ್ಕೆ ಸಂಬಂಧಿಸಿದ್ದು. ನಿರ್ದೇಶಕ, ಸಂಖ್ಯೆ ಮತ್ತು ಗುಣವಾಚಕಗಳು ನಾಮಪದದ ಮುಂದೆ ಬರುವುದಾದರೆ ಅವು ಅದೇ ಅನುಕ್ರಮದಲ್ಲಿ ಬರುತ್ತವೆ ಎಂಬುದು ಅದರ ಸಾರ. ನಾಮಪದದ ನಂತರ ಬರುವುದಾದರೆ ಅದೇ ಕ್ರಮವೋ ತದ್ವಿರುದ್ಧ ಕ್ರಮವೋ ಇರುತ್ತದೆ ಎಂದು ಅವರು ಹೇಳಿದ್ದರು. ಎರಡನೆಯ ಮಾತನ್ನು ಮುಂದಿನ ವಿದ್ವಾಂಸರು, ವಿಶೇಷವಾಗಿ 2005ರಲ್ಲಿ ಗುಲ್ಯೆಲ್ಮೊ ಚಿಂಕ್ವೆ, ಪರಿಷ್ಕರಿಸಿದ್ದಾರೆ. ಮೊದಲನೆಯ ಮಾತು ಬಹುಮಟ್ಟಿಗೆ ಉಳಿದುಕೊಂಡಿದೆ.

ದ್ರಾವಿಡ ಕುಟುಂಬದ ಕನ್ನಡ, ಇಂಡೋ-ಆರ್ಯನ್ ಶಾಖೆಯ ಮರಾಠಿ ಮತ್ತು ಜರ್ಮಾನಿಕ್ ಶಾಖೆಯ ಇಂಗ್ಲಿಷ್ ಮೂರೂ ಈ ನಿಯಮಕ್ಕೆ ಒಳಪಟ್ಟಿವೆ. 'ಈ ಎರಡು ಹೊಸ ಪುಸ್ತಕಗಳು', ಮರಾಠಿಯ 'ಹೀ ದೋನ ನವೀ ಪುಸ್ತಕೇ' ಮತ್ತು 'ದೀಸ್ ಟು ನ್ಯೂ ಬುಕ್ಸ್' ಪದಕ್ಕೆ ಪದ ಹೊಂದುತ್ತವೆ. ಕ್ರಮವಾಚಿ ಮತ್ತು ಎಣಿಕೆಯ ಸಂಖ್ಯೆ ಸ್ಥಳ ಬದಲಿಸಿದಾಗ ಅರ್ಥ ಬದಲಾಗುವ ರೀತಿಯೂ ಸಮಾನ. 'ಮೊದಲ ಮೂರು ಬಹುಮಾನ' ಎಂದರೆ ಒಂದನೆಯ, ಎರಡನೆಯ ಮತ್ತು ಮೂರನೆಯ ಬಹುಮಾನಗಳು. 'ಮೂರು ಮೊದಲ ಬಹುಮಾನ' ಎಂದರೆ ಬೇರೆ ಬೇರೆ ಸ್ಪರ್ಧೆಗಳಲ್ಲಿ ಗಳಿಸಿದ ಮೂರು ಪ್ರಥಮ ಸ್ಥಾನಗಳು. ಇಂಗ್ಲಿಷಿನ 'ದಿ ಫಸ್ಟ್ ತ್ರೀ ಪ್ರೈಸಸ್' ಮತ್ತು 'ತ್ರೀ ಫಸ್ಟ್ ಪ್ರೈಸಸ್' ಎಂಬವುಗಳ ನಡುವೆಯೂ ಇದೇ ಅಂತರವಿದೆ. ನಾಮಪದದ ನಂತರ ಬರುವ ಸಂಖ್ಯೆಯು ಎಣಿಕೆಯಾಗಿರದೆ ಹೆಸರಾಗುವುದೂ ಹೀಗೆಯೇ: 'ಮೂರು ಪಾಠ' ಎಣಿಕೆ, 'ಪಾಠ ಮೂರು' ಒಂದು ಪಾಠದ ಗುರುತು. ಇಂಗ್ಲಿಷಿನಲ್ಲಿ 'ದಿ ಥರ್ಡ್ ಲೆಸನ್' ಎನ್ನುವಾಗ ಆರ್ಟಿಕಲ್ ಬೇಕು, 'ಲೆಸನ್ ತ್ರೀ' ಎನ್ನುವಾಗ ಬೇಡ.

ಕನ್ನಡದಲ್ಲಿ ಇಷ್ಟು ಬಿಗಿಯಿಲ್ಲದ ಕಡೆಗಳೂ ಇವೆ. 'ದೊಡ್ಡ ಎರಡು ಮಾವಿನಹಣ್ಣು' ಎಂದು ಗುಣವಾಚಕವನ್ನು ಸಂಖ್ಯೆಯ ಹಿಂದಕ್ಕೆ ತರಬಹುದು, 'ಮಕ್ಕಳಿಬ್ಬರು', 'ಪುಸ್ತಕ ಎರಡು ಕೊಡು' ಎಂದು ಸಂಖ್ಯೆಯನ್ನು ನಾಮಪದದ ನಂತರ ಇಡಬಹುದು. ಇಂಗ್ಲಿಷಿನಲ್ಲಿ 'ಬಿಗ್ ಟು ಮ್ಯಾಂಗೋಸ್' ಎಂಬುದಕ್ಕೆ ಸ್ಥಾನವಿಲ್ಲ.

ಮನುಷ್ಯರನ್ನು ಎಣಿಸಲು ಕನ್ನಡಕ್ಕೆ ಬೇರೆಯದೇ ರೂಪಗಳಿವೆ: ಒಬ್ಬ, ಇಬ್ಬರು, ಮೂವರು, ನಾಲ್ವರು, ಐವರು. ಮರಾಠಿಯಲ್ಲಿ ದೋಘೇ, ತಿಘೇ, ಚೌಘೇ ಎಂಬ ರೂಪಗಳು ಇದೇ ಕೆಲಸ ಮಾಡುತ್ತವೆ. ಇಂಗ್ಲಿಷಿಗೆ ಈ ಭೇದವಿಲ್ಲ, ಎತ್ತಿಗೂ ಮನುಷ್ಯನಿಗೂ 'ಟು' ಒಂದೇ.

ಗಡಿಭಾಗದ ಕನ್ನಡ ಮತ್ತು ಕುಪ್ವಾಡದ ಅಧ್ಯಯನ

ಬೆಳಗಾವಿ ಜಿಲ್ಲೆಯು 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಆಡಳಿತದ ಗಡಿ ಬದಲಾದರೂ ಸಂತೆ, ನೆಂಟಸ್ತಿಕೆ ಮತ್ತು ವ್ಯಾಪಾರದ ದಾರಿಗಳು ಮಿರಜ, ಸಾಂಗ್ಲಿ, ಇಚಲಕರಂಜಿ, ಕೊಲ್ಲಾಪುರಗಳ ಕಡೆಗೆ ತೆರೆದೇ ಇವೆ. ಈ ಸಂಪರ್ಕವು ನಾಮಪದಪುಂಜದೊಳಕ್ಕೂ ಇಳಿದಿರುವುದಕ್ಕೆ ಭಾಷಾವಿಜ್ಞಾನದಲ್ಲಿ ಪ್ರಸಿದ್ಧವಾದ ಸಾಕ್ಷ್ಯವೊಂದಿದೆ.

ಕಾಗವಾಡದಿಂದ ಗಡಿ ದಾಟಿದರೆ ಸಿಗುವ ಮಿರಜ ಪಟ್ಟಣದ ಸಮೀಪದಲ್ಲಿ, ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ನಡೆಸಿದ ಅಧ್ಯಯನವು 1971ರಲ್ಲಿ ಪ್ರಕಟವಾಯಿತು. ಊರಿನ ಜೈನರು ಮತ್ತು ಲಿಂಗಾಯತರು ಕನ್ನಡವನ್ನೂ ಮುಸ್ಲಿಮರು ಉರ್ದುವನ್ನೂ ಉಳಿದ ಸಮುದಾಯಗಳು ಮರಾಠಿ ಮತ್ತು ತೆಲುಗನ್ನೂ ಮನೆಯಲ್ಲಿ ಆಡುತ್ತಿದ್ದು, ಆ ಭಾಷೆಗಳ ಪದಗಳು ಬೇರೆಯಾಗಿಯೇ ಉಳಿದರೂ ವಾಕ್ಯರಚನೆಗಳು ಒಂದರ ಮೇಲೊಂದು ಹೊಂದಿಕೊಳ್ಳುವಷ್ಟು ಹತ್ತಿರ ಬಂದಿವೆ ಎಂದು ಅವರು ತೋರಿಸಿದರು. ಅವರ ಉದಾಹರಣೆಗಳಲ್ಲೊಂದು ಸಂಬಂಧಸೂಚಕಕ್ಕೆ ಸೇರಿದ್ದು. ಗ್ರಾಂಥಿಕ ಕನ್ನಡದಲ್ಲಿ 'ನಿಮ್ಮ ಮನೆ' ಎನ್ನುವಾಗಿನ ರೂಪ ಬೇರೆ, 'ಈ ಮನೆ ನಿಮ್ಮದು' ಎನ್ನುವಾಗಿನ ರೂಪ ಬೇರೆ. ಮರಾಠಿಯಲ್ಲಾದರೋ ಎರಡೂ ಕಡೆ ಒಂದೇ ರೂಪ. ಕುಪ್ವಾಡದ ಕನ್ನಡವು ಮರಾಠಿಯಂತೆ ನಾಮಪದದ ಮುಂದೆಯೂ 'ನಿಮ್ಮದು' ಎಂಬುದರ ಮೊಟಕು ರೂಪವನ್ನೇ ಬಳಸಿ 'ಇದ ನಿಮ್ದ ಮನಿ ಐತಿ' ಎನ್ನುತ್ತಿತ್ತು. ಇಂಗ್ಲಿಷಿನ 'ಯುವರ್' ಮತ್ತು 'ಯುವರ್ಸ್' ನಡುವಿನ ಭೇದಕ್ಕೆ ಗ್ರಾಂಥಿಕ ಕನ್ನಡದಲ್ಲಿ ನೇರವಾದ ಜೋಡಿಯಿರುವಾಗ, ಈ ಬಗೆಯ ಕನ್ನಡದಲ್ಲಿ ಅದು ಅಳಿಸಿಹೋಗಿರುವುದು ಗಮನಾರ್ಹ.

ನಾಲ್ಕು ದಶಕಗಳ ತರುವಾಯ ಸೋನಲ್ ಕುಲಕರ್ಣಿ-ಜೋಶಿ ಅದೇ ಊರಿನಲ್ಲಿ ಮತ್ತೆ ಅಧ್ಯಯನ ನಡೆಸಿ, ಭಾಷೆಗಳು ಪದಕ್ಕೆ ಪದ ಅನುವಾದವಾಗುವಷ್ಟು ಒಂದಾಗಿವೆ ಎಂಬ ಮೊದಲಿನ ನಿಲುವನ್ನು ವಿಮರ್ಶೆಗೆ ಒಳಪಡಿಸಿದ್ದಾರೆ.

ಎಣಿಕೆಯ ಪದಗಳಲ್ಲಿಯೂ ಸಂಪರ್ಕ ಕಾಣುತ್ತದೆ. ಒಂದೂವರೆಗೆ 'ದೀಡ', ಎರಡೂವರೆಗೆ 'ಅಡೀಚ' ಎಂಬ ಮರಾಠಿ ಪದಗಳು ಉತ್ತರ ಕರ್ನಾಟಕದ ಕನ್ನಡದಲ್ಲಿ ನೆಲೆಸಿವೆ. 'ದೀಡ ಎಕರೆ', 'ದೀಡ ನೂರು' ಎಂಬವು ದಿನಬಳಕೆಯ ಮಾತುಗಳು. ಭಿನ್ನರಾಶಿಯು ಇಲ್ಲಿ ಒಂದೇ ಪದವಾಗಿ, ಯಾವುದೇ ಸಂಖ್ಯೆಯಂತೆ ನಾಮಪದದ ಹಿಂದೆ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಹಾಗಿಲ್ಲ. ಅರ್ಧ ಎಕರೆ, ಅಂದರೆ 20 ಗುಂಟೆ, 'ಹಾಫ್ ಆನ್ ಏಕರ್' ಎನಿಸುತ್ತದೆ. 'ಹಾಫ್' ಪೂರ್ವನಿರ್ಧಾರಕವಾದ್ದರಿಂದ ಆರ್ಟಿಕಲ್ಲಿಗಿಂತ ಮುಂದಿದೆ. ಒಂದೂವರೆ ಎಕರೆಯನ್ನು 'ಒನ್ ಅಂಡ್ ಎ ಹಾಫ್ ಏಕರ್ಸ್' ಎಂದೋ, ಭಿನ್ನರಾಶಿಯನ್ನು ನಾಮಪದದ ನಂತರಕ್ಕೆ ಸರಿಸಿ 'ಆನ್ ಏಕರ್ ಅಂಡ್ ಎ ಹಾಫ್' ಎಂದೋ ಹೇಳಬೇಕು. ದೀಡ ನೂರು ಎಂಬುದು ಇಂಗ್ಲಿಷಿನಲ್ಲಿ ಒಂದೂವರೆಯ ಲೆಕ್ಕವನ್ನೇ ಬಿಟ್ಟು 'ಎ ಹಂಡ್ರೆಡ್ ಅಂಡ್ ಫಿಫ್ಟಿ' ಆಗುತ್ತದೆ.

ಸಂಬಂಧಸೂಚಕದ ನಂತರದ ಸಂಖ್ಯೆ

'ನನ್ನ ಒಬ್ಬ ಗೆಳೆಯ ಅಥಣಿಯಲ್ಲಿದ್ದಾನೆ' ಎಂಬ ವಾಕ್ಯದಿಂದ ಹೇಳುವವನಿಗೆ ಇರುವ ಗೆಳೆಯರ ಒಟ್ಟು ಸಂಖ್ಯೆ ತಿಳಿಯುವುದಿಲ್ಲ. ಹಲವರಲ್ಲಿ ಯಾರೋ ಒಬ್ಬ ಎಂಬುದೇ ಸಹಜವಾದ ಅರ್ಥ. ಮರಾಠಿಯ 'ಮಾಝಾ ಏಕ ಮಿತ್ರ' ಕೂಡ ಹಾಗೆಯೇ. ಇದನ್ನು ಅದೇ ಕ್ರಮದಲ್ಲಿ 'ಮೈ ಒನ್ ಫ್ರೆಂಡ್' ಎಂದು ಮಾಡಿದರೆ ಪದಗಳ ಅನುಕ್ರಮದಲ್ಲಿ ಯಾವ ದೋಷವೂ ಇರುವುದಿಲ್ಲ. ಆದರೆ ಇಂಗ್ಲಿಷ್ ಓದುಗನಿಗೆ ಅದು 'ನನಗಿರುವ ಒಬ್ಬನೇ ಗೆಳೆಯ' ಎಂದು ಕೇಳಿಸುತ್ತದೆ.

ಕಾರಣ ಮಧ್ಯಸ್ಥಾನದಲ್ಲಿದೆ. ಇಂಗ್ಲಿಷಿನಲ್ಲಿ 'ಮೈ' ಎಂಬುದು 'ದಿ' ಎಂಬುದರ ಜಾಗದಲ್ಲಿ ಕುಳಿತಿರುವುದರಿಂದ ಅದರ ನಿಶ್ಚಿತಾರ್ಥವನ್ನೂ ಹೊತ್ತುಕೊಂಡಿರುತ್ತದೆ. ಅದರ ನಂತರ ಬರುವ ಸಂಖ್ಯೆ ಇಡೀ ಗುಂಪಿನ ಲೆಕ್ಕವನ್ನು ಹೇಳುತ್ತದೆ. ಕನ್ನಡದ 'ನನ್ನ' ಎಂಬುದು ಷಷ್ಠೀ ವಿಭಕ್ತಿಯ ಪದ ಮಾತ್ರ. ನಿಶ್ಚಿತ ಅಥವಾ ಅನಿಶ್ಚಿತ ಎಂಬುದು ಅದರಿಂದ ತೀರ್ಮಾನವಾಗುವುದಿಲ್ಲ. ಹಲವರಲ್ಲಿ ಕೆಲವರು ಎಂಬ ಅರ್ಥ ಬೇಕಾದಾಗ ಇಂಗ್ಲಿಷ್ ಸಂಖ್ಯೆಯನ್ನು ಹೊರಕ್ಕೆ ತಂದು 'ಒನ್ ಆಫ್ ಮೈ ಫ್ರೆಂಡ್ಸ್' ಎನ್ನುತ್ತದೆ, ಅಥವಾ ಸಂಬಂಧಸೂಚಕವನ್ನು ನಾಮಪದದ ನಂತರಕ್ಕೆ ಕಳುಹಿಸಿ 'ಎ ಫ್ರೆಂಡ್ ಆಫ್ ಮೈನ್' ಎನ್ನುತ್ತದೆ. ಮೊದಲ ರಚನೆಯಲ್ಲಿ ನಾಮಪದ ಬಹುವಚನದಲ್ಲಿರಬೇಕು. ಕನ್ನಡದ 'ಗೆಳೆಯರಲ್ಲಿ ಒಬ್ಬ' ಎಂಬುದನ್ನು ನೆನೆದರೆ ಬಹುವಚನ ತಪ್ಪಿಹೋಗದು.

ಇದು ಕೇವಲ ಶೈಲಿಯ ಮಾತಲ್ಲವೆಂಬುದು ಅರ್ಜಿ, ಪ್ರಮಾಣಪತ್ರ, ಕರಾರುಗಳನ್ನು ಇಂಗ್ಲಿಷಿಗೆ ತಿರುಗಿಸುವಾಗ ತಿಳಿಯುತ್ತದೆ. ಮೂವರು ಮಕ್ಕಳಿರುವ ತಂದೆಯೊಬ್ಬ 'ನನ್ನ ಇಬ್ಬರು ಮಕ್ಕಳು ಪುಣೆಯಲ್ಲಿ ಕೆಲಸದಲ್ಲಿದ್ದಾರೆ' ಎಂದರೆ ಕನ್ನಡದಲ್ಲಿ ಅದು ಸತ್ಯ. ಅದನ್ನು 'ಮೈ ಟು ಚಿಲ್ಡ್ರನ್' ಎಂದು ಬರೆದರೆ ಮೂರನೆಯ ಮಗು ಇಲ್ಲವೆಂದು ಓದುಗ ತಿಳಿಯುತ್ತಾನೆ. ವಾರಸಾ ಅರ್ಜಿಯಲ್ಲಿ ಇಂತಹ ವಾಕ್ಯ ಒಬ್ಬ ಹಕ್ಕುದಾರನನ್ನೇ ಮರೆಮಾಡಬಲ್ಲದು. ಅಲ್ಲಿರಬೇಕಾದದ್ದು 'ಟು ಆಫ್ ಮೈ ತ್ರೀ ಚಿಲ್ಡ್ರನ್'. ಉತಾರದಲ್ಲಿ ಐದು ಎಕರೆ ಇರುವ ರೈತ ಎರಡು ಎಕರೆಯಲ್ಲಿ ತಂಬಾಕು, ಉಳಿದದ್ದರಲ್ಲಿ ಕಬ್ಬು ಹಾಕಿದ್ದರೂ ಅಷ್ಟೆ: 'ಮೈ ಟು ಏಕರ್ಸ್' ಎಂದರೆ ಅವನ ಹಿಡುವಳಿಯೇ ಎರಡು ಎಕರೆ.

'ನನ್ನ ಈ ಎರಡು ಎಮ್ಮೆಗಳು' ಎಂಬ ಪುಂಜದಲ್ಲಿ ತೊಡಕು ಬೇರೆ ಬಗೆಯದು. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ('ಮಾಝ್ಯಾ ಯಾ ದೋನ ಮ್ಹಶೀ') ಸಂಬಂಧಸೂಚಕ ಮತ್ತು ನಿರ್ದೇಶಕ ಒಟ್ಟಿಗೆ ಬರಬಹುದು. ಇಂಗ್ಲಿಷಿನಲ್ಲಿ ಎರಡೂ ಒಂದೇ ಸ್ಥಾನಕ್ಕೆ ಸ್ಪರ್ಧಿಸುತ್ತವೆ, ಆದ್ದರಿಂದ ಒಂದು ಹೊರಬೀಳಬೇಕು: 'ದೀಸ್ ಟು ಬಫಲೋಸ್ ಆಫ್ ಮೈನ್'. ಇಂಗ್ಲಿಷ್ ಯಾವಾಗಲೂ ಇಷ್ಟು ಕಟ್ಟುನಿಟ್ಟಾಗಿರಲಿಲ್ಲ. 1611ರ ಬೈಬಲ್ ಅನುವಾದದಲ್ಲಿ ನಿರ್ದೇಶಕದ ಬೆನ್ನಿಗೇ ಸಂಬಂಧಸೂಚಕ ಬರುವ ಪ್ರಯೋಗಗಳಿವೆ. ಇಟಾಲಿಯನ್ ಇಂದಿಗೂ ಆರ್ಟಿಕಲ್ ಮತ್ತು ಸಂಬಂಧಸೂಚಕವನ್ನು ಜೊತೆಯಾಗಿ ಬಳಸುತ್ತದೆ.

'ಊ' ಮತ್ತು 'ಏ' ಪ್ರತ್ಯಯಗಳು

ಇಂಗ್ಲಿಷಿನ ಪೂರ್ವನಿರ್ಧಾರಕಗಳು ಮಾಡುವ ಕೆಲಸವನ್ನು ಕನ್ನಡದಲ್ಲಿ ಹಲವು ಸಲ ಒಂದು ಸ್ವರ ಮಾಡುತ್ತದೆ. 'ಈ ಎರಡು ಪುಸ್ತಕಗಳು' ಎಂಬಲ್ಲಿನ ಸಂಖ್ಯೆಗೆ 'ಊ' ಸೇರಿಸಿ 'ಈ ಎರಡೂ ಪುಸ್ತಕಗಳು' ಎಂದರೆ ಒಂದನ್ನೂ ಬಿಡದೆ ಎಂಬ ಅರ್ಥ ಬರುತ್ತದೆ. ಮರಾಠಿಯಲ್ಲಿ 'ದೋನ್ಹೀ', 'ತಿನ್ಹೀ' ಎಂಬ ರೂಪಗಳು ಇದಕ್ಕೆ ಸಮಾನ. ಎರಡೂ ಭಾಷೆಗಳಲ್ಲಿ ಸಮಗ್ರತೆಯ ಗುರುತು ಸಂಖ್ಯೆಯ ಬಾಲದಲ್ಲಿದೆ. ಇಂಗ್ಲಿಷಿನಲ್ಲಿ ಅದು ಪುಂಜದ ತಲೆಗೆ ಹೋಗುತ್ತದೆ: 'ಬೋತ್ ದೀಸ್ ಬುಕ್ಸ್'. ಅಷ್ಟೇ ಅಲ್ಲ, 'ಬೋತ್' ಎಂಬುದರಲ್ಲಿಯೇ ಎರಡು ಅಡಗಿರುವುದರಿಂದ 'ಟು' ಎಂಬುದು ಬಿದ್ದುಹೋಗುತ್ತದೆ. ಮೂರು ಮತ್ತು ಅದಕ್ಕಿಂತ ಹೆಚ್ಚಿನ ಸಂಖ್ಯೆಗಳಲ್ಲಿ ಸಂಖ್ಯೆ ಉಳಿಯುತ್ತದೆ: 'ಆಲ್ ತ್ರೀ ಬುಕ್ಸ್'. ಭಾರತೀಯ ಇಂಗ್ಲಿಷಿನಲ್ಲಿ 'ಆಲ್ ದಿ ತ್ರೀ' ಎಂಬುದು ವ್ಯಾಪಕ. ಸ್ಥಾನಗಳ ಲೆಕ್ಕದಲ್ಲಿ ಅದು ಸರಿಯಾದ ರಚನೆಯೇ ಆಗಿದ್ದು, ಅದನ್ನು ತಪ್ಪೆಂದು ಕೆಂಪು ಶಾಯಿಯಲ್ಲಿ ಗುರುತಿಸುವುದು ಅನಗತ್ಯ ಕಟ್ಟುನಿಟ್ಟು.

ನಿಷೇಧ ಸೇರಿದಾಗ ಇನ್ನೊಂದು ತೊಡಕಿದೆ. 'ಇಬ್ಬರೂ ಬರಲಿಲ್ಲ' ಎಂದರೆ ಸಾಮಾನ್ಯವಾಗಿ ಯಾರೊಬ್ಬರೂ ಬರಲಿಲ್ಲವೆಂದು ಅರ್ಥ. 'ಬೋತ್ ಡಿಡ್ ನಾಟ್ ಕಮ್' ಎಂಬುದು ಒಬ್ಬನಾದರೂ ಬಂದಿರಬಹುದೆಂಬ ಅನುಮಾನಕ್ಕೆ ಎಡೆಮಾಡಿಕೊಡುವುದರಿಂದ ಇಂಗ್ಲಿಷ್ 'ನೈದರ್' ಎಂಬ ಪದವನ್ನು ಬಳಸುತ್ತದೆ.

'ಏ' ಪ್ರತ್ಯಯದ ಸ್ಥಿತಿಯೂ ಇದೇ. 'ಎರಡೇ ಚೀಲ' ಎಂಬುದರ ಬಾಲದ ಸ್ವರ ಇಂಗ್ಲಿಷಿನಲ್ಲಿ 'ಓನ್ಲಿ' ಆಗಿ ಮುಂದೆ ಬರುತ್ತದೆ: 'ಓನ್ಲಿ ಟು ಸ್ಯಾಕ್ಸ್'. ಭಾರತೀಯ ಇಂಗ್ಲಿಷಿನ 'ಟು ಓನ್ಲಿ' ಎಂಬ ಪ್ರಯೋಗದಲ್ಲಿ ನಮ್ಮ ಭಾಷೆಗಳ ಈ ಬಾಲ ಇನ್ನೂ ಅಲ್ಲಾಡುತ್ತಿರುತ್ತದೆ.

'ಇನ್ನೆರಡು'

'ಇನ್ನೆರಡು ಚೀಲ ತಾ' ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳಿರಬಹುದು: ಬಾಕಿ ಉಳಿದಿರುವ ಎರಡು, ಇಲ್ಲವೇ ಹೆಚ್ಚುವರಿಯಾಗಿ ಎರಡು. ಇಂಗ್ಲಿಷ್ ಇವನ್ನು ಪದಕ್ರಮದಿಂದಲೇ ಬೇರ್ಪಡಿಸುತ್ತದೆ. ಬಾಕಿ ಉಳಿದವು 'ದಿ ಅದರ್ ಟು ಸ್ಯಾಕ್ಸ್'. ಹೆಚ್ಚುವರಿಯವು 'ಟು ಮೋರ್ ಸ್ಯಾಕ್ಸ್' ಅಥವಾ 'ಅನದರ್ ಟು ಸ್ಯಾಕ್ಸ್'. 'ಮೋರ್' ಸಂಖ್ಯೆಯ ನಂತರ ಬರುತ್ತದೆ. ಕನ್ನಡದ 'ಇನ್ನು' ಮುಂದಿರುವುದರಿಂದ 'ಮೋರ್ ಟು ಸ್ಯಾಕ್ಸ್' ಎಂಬ ತಪ್ಪು ಸುಲಭವಾಗಿ ನುಸುಳುತ್ತದೆ. 'ಅನದರ್' ಎಂಬುದು 'ಆನ್' ಮತ್ತು 'ಅದರ್' ಸೇರಿ ಆದ ಪದ. ಹೀಗಾಗಿ 'ಅನದರ್ ಟು' ಎಂಬಲ್ಲಿ ಏಕವಚನದ ಆರ್ಟಿಕಲ್ ಬಹುವಚನದ ಸಂಖ್ಯೆಯ ಮುಂದೆ ನಿಂತಿರುವ ವಿಚಿತ್ರವಿದೆ. ಎರಡು ಚೀಲಗಳನ್ನು ಒಂದು ಕಂತಾಗಿ ಕಾಣುವುದರಿಂದ ಇದು ಸಾಧ್ಯವಾಗಿದೆ. 'ಎವ್ರಿ ಟು ಡೇಸ್' (ಎರಡು ದಿನಕ್ಕೊಮ್ಮೆ) ಎಂಬಲ್ಲಿಯೂ ಇದೇ ತರ್ಕ.

ವಚನದ ಹೊಂದಾಣಿಕೆ

ಕನ್ನಡದ 'ಈ', 'ಆ' ಎಂಬವು ವಚನಕ್ಕೆ ತಕ್ಕಂತೆ ಬದಲಾಗುವುದಿಲ್ಲ. 'ಈ ಪುಸ್ತಕ', 'ಈ ಪುಸ್ತಕಗಳು'. ಅಮಾನವ ನಾಮಪದಗಳು ಸಂಖ್ಯೆಯ ನಂತರ ಬಹುವಚನ ಪ್ರತ್ಯಯವನ್ನು ಬಿಟ್ಟುಬಿಡುವುದೂ ಸಹಜ: 'ಎರಡು ಪುಸ್ತಕ', 'ಹತ್ತು ಚೀಲ'. ಸಂಖ್ಯೆಯೇ ಬಹುತ್ವವನ್ನು ಹೇಳಿದ ಮೇಲೆ ಮತ್ತೊಮ್ಮೆ ಹೇಳುವ ಅಗತ್ಯ ಕನ್ನಡಕ್ಕೆ ಕಂಡಿಲ್ಲ. ಇಂಗ್ಲಿಷಿನಲ್ಲಿ ನಿರ್ದೇಶಕ ಮತ್ತು ನಾಮಪದ ಎರಡೂ ಬದಲಾಗಬೇಕು, 'ದಿಸ್ ಬುಕ್' ಎಂಬುದು 'ದೀಸ್ ಟು ಬುಕ್ಸ್' ಆಗಬೇಕು. ಮರಾಠಿಯ ನಿರ್ದೇಶಕವು ಲಿಂಗ ಮತ್ತು ವಚನಗಳಿಗೆ ಅನುಗುಣವಾಗಿ ಬದಲಾಗುತ್ತದೆ ('ಹೇ ಪುಸ್ತಕ', 'ಹೀ ಪುಸ್ತಕೇ'), ದಖನಿಯಲ್ಲಿ ನಾಮಪದ ಬಹುವಚನ ತಾಳುತ್ತದೆ ('ದೋ ಕಿತಾಬಾಂ'). ಹೀಗಾಗಿ ನಿಪ್ಪಾಣಿಯ ಒಂದೇ ಬೀದಿಯಲ್ಲಿ ಬೆಳೆದ ಮಕ್ಕಳಲ್ಲಿಯೂ, ಮನೆಮಾತು ಮರಾಠಿಯಾಗಿರುವ ಮಗುವಿಗೆ 'ದೀಸ್' ಎಂಬುದರ ಹಿಂದಿನ ತತ್ತ್ವ ಪರಿಚಿತ, ಮನೆಮಾತು ಕನ್ನಡವಾಗಿರುವ ಮಗುವಿಗೆ ಅದು ಹೊಸದು.

ಸಂಖ್ಯೆಯೊಂದು ಗುಣವಾಚಕದ ಭಾಗವಾದಾಗ ಇಂಗ್ಲಿಷ್ ಕೂಡ ಬಹುವಚನವನ್ನು ಬಿಡುತ್ತದೆ. ಎರಡು ಎಕರೆಯ ಹೊಲ 'ಎ ಟು-ಏಕರ್ ಫೀಲ್ಡ್', ಐದು ವರ್ಷದ ಕರಾರು 'ಎ ಫೈವ್-ಇಯರ್ ಕಾಂಟ್ರ್ಯಾಕ್ಟ್'. ಇಲ್ಲಿನ ಸಂಖ್ಯೆ ಹೊಲವನ್ನಾಗಲಿ ಕರಾರನ್ನಾಗಲಿ ಎಣಿಸುತ್ತಿಲ್ಲವಾದ್ದರಿಂದ ಅದು ಉತ್ತರನಿರ್ಧಾರಕದ ಸ್ಥಾನವನ್ನು ಆಕ್ರಮಿಸುವುದಿಲ್ಲ. ಆ ಸ್ಥಾನ ಖಾಲಿಯೇ ಇರುವುದರಿಂದ ಮತ್ತೊಂದು ಸಂಖ್ಯೆ ಅಲ್ಲಿ ಬರಬಹುದು: 'ತ್ರೀ ಟು-ಏಕರ್ ಫೀಲ್ಡ್ಸ್', ಎರಡೆರಡು ಎಕರೆಯ ಮೂರು ಹೊಲಗಳು.